ಲ್ಯಾಕ್ಸ್‌ಟನ್ ಹಳ್ಳಿಯ ಮನೆತನಗಳು: ಹೆಸರಿಗಿಂತ ಹೊಲ ನಂಬಿಕಸ್ತ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯ (ಜಿಲ್ಲೆಯ) ಲ್ಯಾಕ್ಸ್‌ಟನ್ ಹಳ್ಳಿಯ ಮನೆತನಗಳನ್ನು ಹುಡುಕಲು ಕೂತಾಗ ನಾನು ಮೊದಲು ನೋಡುವುದು, ದಾಖಲೆಯಲ್ಲಿರುವುದು ಇದೇ ಊರೇ ಎಂದು. ನಾರ್ಥ್ಯಾಂಪ್ಟನ್‌ಶೈರ್‌ನಲ್ಲೊಂದು ಲ್ಯಾಕ್ಸ್‌ಟನ್ ಇದೆ, ಯಾರ್ಕ್‌ಶೈರ್‌ನ ಈಸ್ಟ್ ರೈಡಿಂಗ್‌ನಲ್ಲಿ ಮತ್ತೊಂದು. ಗಣತಿಯಲ್ಲಿ ‘ನಾಟ್ಸ್’, ‘ನಾರ್ಥ್ಯಾಂಟ್ಸ್’ ಎಂದು ಮೊಟಕಾಗಿ ಬರೆದದ್ದನ್ನು ಅದಲುಬದಲು ಓದುವುದು ಬಹಳ ಸುಲಭ. ಹಳೆಯ ಪತ್ರಗಳಲ್ಲಿ ನಮ್ಮ ಊರು ಲೆಕ್ಸಿಂಗ್ಟನ್ ಎಂದೂ ಬರುತ್ತದೆ. ಮೂರ್‌ಹೌಸ್ ಎಂಬ ಮಜರೆಯನ್ನೂ ಜೊತೆಗೇ ಹುಡುಕಬೇಕು.

ಕೆಲಸ ಯಾವಾಗಲೂ ಈಚಿನಿಂದ ಹಿಂದಕ್ಕೆ. ಸದ್ಯಕ್ಕೆ ಜನರಿಗೆ ನೋಡಲು ತೆರೆದಿರುವ ಕೊನೆಯ ಗಣತಿ 1921ರದು. 1931ರದು 1942ರಲ್ಲಿ ಸುಟ್ಟುಹೋಯಿತು. 1921ರಿಂದ 1851ರವರೆಗೆ ಹತ್ತು ಹತ್ತು ವರ್ಷ ಇಳಿಯುತ್ತ, ಪ್ರತಿ ಸಲವೂ ಇಡೀ ಮನೆಯನ್ನು ಬರೆದುಕೊಳ್ಳುತ್ತೇನೆ. ಅಕ್ಕಪಕ್ಕದ ಎರಡು ಮನೆಗಳನ್ನೂ ಬಿಡುವುದಿಲ್ಲ. 1841ರಲ್ಲಿ ಎಚ್ಚರ: 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. 34 ಇದ್ದವರು 30 ಆಗುತ್ತಾರೆ. ಸಂಬಂಧ ಬರೆದಿಲ್ಲ, ಹುಟ್ಟಿದ ಊರಿನ ಬದಲು ಅದೇ ಕೌಂಟಿಯೋ ಅಲ್ಲವೋ ಎಂದಷ್ಟೇ ಇದೆ.

ಸರ್ಕಾರಿ ಜನನ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಆದರೆ ನೋಂದಾಯಿಸದ ತಂದೆತಾಯಿಗೆ ದಂಡ ಬಂದದ್ದು 1875ರಿಂದ. ಅದಕ್ಕೂ ಮುಂಚಿನ ಮಗು ಸೂಚಿಯಲ್ಲಿ ಸಿಗದಿದ್ದರೆ ಹುಟ್ಟಿಲ್ಲ ಎಂದಲ್ಲ.

ಅಲ್ಲಿಂದ ಹಿಂದೆ ಚರ್ಚಿನ ಪುಸ್ತಕಗಳೇ ಗತಿ. ಎಲ್ಲ ಪ್ಯಾರಿಷ್‌ಗಳೂ (ಒಂದೊಂದು ಚರ್ಚಿನ ಆಡಳಿತಕ್ಕೆ ಸೇರಿದ ಊರುಗಳು) ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪುಸ್ತಕ ಇಡಬೇಕೆಂಬ ಆಜ್ಞೆ 1538ರದು. 1653ರಿಂದ 1660ರವರೆಗಿನ ಪುಟಗಳು ಬಹಳ ಕಡೆ ಅರೆಬರೆ. 1783ರಿಂದ 1794ರವರೆಗೆ ಪ್ರತಿ ದೀಕ್ಷಾಸ್ನಾನಕ್ಕೆ 3 ಪೆನ್ಸ್ ತೆರಿಗೆಯಿತ್ತು. ಆ ಹನ್ನೊಂದು ವರ್ಷ ದೀಕ್ಷೆ ಮುಂದೂಡಿದವರಿದ್ದಾರೆ. ಒಂದೇ ದಿನ ಮೂವರು ಅಣ್ಣತಮ್ಮಂದಿರಿಗೆ ದೀಕ್ಷೆಯಾಗಿದ್ದರೆ ಅವರು ತ್ರಿವಳಿಗಳೆಂದು ಬರೆಯಬೇಡಿ.

ತಾರೀಕಿನಲ್ಲಿ ಎಡವದವರಿಲ್ಲ. 1752ಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ. 1701ರ ಮೇ ತಿಂಗಳಲ್ಲಿ ಮದುವೆ, 1701ರ ಫೆಬ್ರವರಿಯಲ್ಲಿ ಮಗು ಎಂದಿದ್ದರೆ ಯಾರ ಮಾನವೂ ಹೋಗಿಲ್ಲ. ಮಧ್ಯೆ ಒಂಬತ್ತು ತಿಂಗಳಿದೆ. ಆ ಫೆಬ್ರವರಿ ಈಗಿನ ಲೆಕ್ಕಕ್ಕೆ 1702ರದು, ನಾನು ಅದನ್ನು 1701/2 ಎಂದು ಬರೆದುಕೊಳ್ಳುತ್ತೇನೆ. ತಿಂಗಳ ಜಾಗದಲ್ಲಿ 7 ಅಂಕಿಯೂ ‘ಬರ್’ ಎಂಬ ಬಾಲವೂ ಇದ್ದರೆ ಅದು ಮಾರ್ಚ್‌ನಿಂದ ಎಣಿಸಿದ ಏಳನೆಯ ತಿಂಗಳಾದ ಸೆಪ್ಟೆಂಬರ್, ಜುಲೈ ಅಲ್ಲ. ಮೂಲದಲ್ಲಿ ಇದ್ದಂತೆ ಒಂದು ಅಂಕಣ, ನನ್ನ ಓದಿಗೆ ಪಕ್ಕದಲ್ಲೇ ಇನ್ನೊಂದು. ಎರಡನ್ನು ಬೆರೆಸಿದರೆ ಆಮೇಲೆ ತಿದ್ದಲು ಬರುವುದಿಲ್ಲ.

ಒಂದೇ ಪ್ಯಾರಿಷ್‌ನಲ್ಲಿ ಒಂದೇ ಹೆಸರಿನ ಇಬ್ಬರು ಜಾನ್‌ಗಳಿದ್ದರೆ ಚರ್ಚಿನ ಪುಸ್ತಕ ಕೈಕೊಡುತ್ತದೆ. ಲ್ಯಾಕ್ಸ್‌ಟನ್ ಇಲ್ಲಿ ಅದೃಷ್ಟವಂತ ಊರು. ಬೇಲಿಯಿಲ್ಲದ ದೊಡ್ಡ ಬಯಲುಗಳನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡು ಉಳುವ ಪದ್ಧತಿ ಅಲ್ಲಿ ಇವತ್ತಿಗೂ ಇದೆ. ಊರಿನ ಒಡೆಯ ವಿಲಿಯಂ ಕೋರ್ಟನ್‌ಗಾಗಿ ಮಾರ್ಕ್ ಪಿಯರ್ಸ್ 1635ರಲ್ಲಿ ಅಳೆದು ಮಾಡಿದ ನಕ್ಷೆ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಜೊತೆಯ ಪುಸ್ತಕ ನಮ್ಮ ಪಹಣಿಯಂತೆ: ಪಟ್ಟಿ ಯಾವುದು, ಉಳುವವರು ಯಾರು, ವಿಸ್ತೀರ್ಣ ಎಷ್ಟು. ಅಳತೆ ಎಕರೆ, ರೂಡ್, ಪರ್ಚ್‌ಗಳಲ್ಲಿ. 4 ರೂಡ್‌ಗೆ ಒಂದು ಎಕರೆ, 40 ಪರ್ಚ್‌ಗೆ ಒಂದು ರೂಡ್. ಅಂದರೆ ರೂಡ್ ನಮ್ಮ 10 ಗುಂಟೆ, 4 ಪರ್ಚ್ ಒಂದು ಗುಂಟೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ, ಊರಿನ ಮುಂದಿನ ಒಡೆಯರಾದ ಮ್ಯಾನ್ವರ್ಸ್ ಮನೆತನದ ಸಂಗ್ರಹದಲ್ಲಿರುವ ಗೇಣಿ ಪಟ್ಟಿಗಳನ್ನು ಇದರ ಪಕ್ಕದಲ್ಲಿಟ್ಟು, ಅದೇ ಹಿಡುವಳಿ ಮುಂದೆ ಯಾರ ಕೈಗೆ ಹೋಯಿತೆಂದು ನೋಡುತ್ತೇನೆ. ಯಾವ ಜಾನ್ ಯಾರ ಮಗ ಎಂಬುದನ್ನು ಬಹಳ ಸಲ ಬಿಡಿಸಿಕೊಡುವುದು ಈ ಹೋಲಿಕೆಯೇ. ಉಯಿಲು ಜೊತೆಗೆ ಸಿಕ್ಕರೆ ಪೂರ್ತಿ ಖಾತ್ರಿ. 1858ಕ್ಕೆ ಮುಂಚೆ ಉಯಿಲುಗಳು ಚರ್ಚಿನ ನ್ಯಾಯಾಲಯಗಳ ಕೈಯಲ್ಲಿದ್ದವು, ಈ ಕೌಂಟಿ ಬಹುಕಾಲ ಯಾರ್ಕ್ ಧರ್ಮಪ್ರಾಂತ್ಯಕ್ಕೆ ಸೇರಿತ್ತು, ಆದ್ದರಿಂದ ಆ ಕಾಲದ ಉಯಿಲಿಗೆ ಯಾರ್ಕ್‌ನ ಬೋರ್ತ್‌ವಿಕ್ ದಾಖಲೆ ಸಂಸ್ಥೆಯನ್ನೂ ನೋಡಬೇಕು.

ಹೊಲವಿಲ್ಲದ ಕೂಲಿಯವರಿಗೆ ದಾರಿ ಬೇರೆ. 1662ರ ಕಾನೂನಿನಂತೆ, ಊರಿಗೆ ಭಾರವಾಗಬಹುದಾದವರನ್ನು ಅವರ ಮೂಲ ಪ್ಯಾರಿಷ್‌ಗೆ ಕಳಿಸುತ್ತಿದ್ದರು. ಅದಕ್ಕಾಗಿ ಪಡೆದ ಹೇಳಿಕೆಗಳಲ್ಲಿ ಹುಟ್ಟಿದ್ದೆಲ್ಲಿ, ಯಾರ ಬಳಿ ಎಷ್ಟು ವರ್ಷ ಜೀತಕ್ಕಿದ್ದದ್ದು, ಎಲ್ಲವೂ ಸಿಗುವುದುಂಟು. ಸಿರಿವಂತರ ಬಗ್ಗೆಯೂ ಇಷ್ಟು ವಿವರ ಸಿಗುವುದು ಕಷ್ಟ.

ಗಣತಿಯಿಂದ ಗಣತಿಗೆ ಹುಡುಗನೊಬ್ಬ ಕಾಣೆಯಾಗಿದ್ದರೆ ಸೈನ್ಯವನ್ನು ನೋಡುತ್ತೇನೆ. ಬೆಂಗಳೂರು ದಂಡಿನಲ್ಲಿ ಮದುವೆಯಾದವರ, ಮಕ್ಕಳಿಗೆ ದೀಕ್ಷೆ ಕೊಡಿಸಿದವರ ವಿವರದ ಪ್ರತಿ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಸರಣಿಯಲ್ಲಿದೆ. ಸಾಮಾನ್ಯವಾಗಿ ಅದರಲ್ಲಿ ಸೈನಿಕನ ದರ್ಜೆ, ದಳ ಇರುತ್ತವೆ, ಹುಟ್ಟೂರು ಇರುವುದಿಲ್ಲ. ದಳದ ಹೆಸರು ಹಿಡಿದು ಅವನ ಸೇವಾ ಕಡತ ತೆಗೆಸಿದರೆ ಹುಟ್ಟಿದ ಪ್ಯಾರಿಷ್ ಅಲ್ಲಿರುವ ಸಾಧ್ಯತೆ ಹೆಚ್ಚು.