ಟು ಶೇರಿಂಗ್ ಬಿಟ್ಟು ಫೋರ್ ಶೇರಿಂಗ್ ಹಿಡಿದೆ: ಬೆಳಗಾವಿಯಲ್ಲಿ ನನ್ನ ಹಾಸ್ಟೆಲ್ ಅನುಭವ

ಪಿಯುಸಿ ಮುಗಿಸಿ 2023ರಲ್ಲಿ ಬೆಳಗಾವಿಯ ಕಾಲೇಜೊಂದರಲ್ಲಿ ಬಿಎಸ್‌ಸಿಗೆ ಸೇರಿದೆ. ನಮ್ಮೂರು ಬೈಲಹೊಂಗಲದ ಆಚೆ. ಯಾವ ಕಾಲೇಜು, ಯಾವ ವಿಷಯ ಅನ್ನೋದು ಮನೆಯಲ್ಲಿ ಬೇಗ ತೀರ್ಮಾನವಾಯಿತು. ಎಲ್ಲಿ ಇರಬೇಕು ಅನ್ನೋದಕ್ಕೆ ಮಾತ್ರ ವಾರಗಟ್ಟಲೆ ಮಾತು ನಡೆಯಿತು. ಈಗ ನಮ್ಮೂರ ಕಡೆಯ ಹುಡುಗಿಯರು ಅಡ್ಮಿಷನ್ ಸಮಯಕ್ಕೆ ಫೋನ್ ಮಾಡಿ ಕೇಳುವುದೂ ಅದನ್ನೇ. ಅದಕ್ಕೆ ನಾನು ಹೇಗೆ ಆರಿಸಿಕೊಂಡೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಂದ ಮಾತು ದಿನಾ ಅಪ್ ಅಂಡ್ ಡೌನ್ ಮಾಡೋದು. ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತು. ಆಧಾರ್ ಕಾರ್ಡ್ ತೋರಿಸಿದರೆ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ. "ಬಸ್ಸಿಗೆ ರೊಕ್ಕಾನ ಇಲ್ಲಂದ ಮ್ಯಾಲೆ ದಿನಾ ಹೋಗಿ ಬಂದ್ರ ಆತಲ್ಲವಾ?" ಅಂದರು ಅಪ್ಪ. ಅವರ ಮಾತಿನಲ್ಲಿ ನ್ಯಾಯ ಇತ್ತು. ನಾನು ಒಂದು ಹಾಳೆ ತೆಗೆದುಕೊಂಡು ದಿನದ ಲೆಕ್ಕ ಬರೆದೆ. ಊರಿನಿಂದ ಬೈಲಹೊಂಗಲ, ಅಲ್ಲಿಂದ ಬಸ್ ಬದಲಿಸಿ ಬೆಳಗಾವಿ, ಸ್ಟ್ಯಾಂಡಿನಿಂದ ಸಿಟಿ ಬಸ್ ಹಿಡಿದು ಕಾಲೇಜು. ಹೋಗೋಕೆ ಎರಡು ತಾಸಿನ ಮೇಲೆ, ಬರೋಕೂ ಅಷ್ಟೇ. ಪ್ರಾಕ್ಟಿಕಲ್ ಇರುವ ದಿನ ಲ್ಯಾಬ್ ಬಿಡೋದೇ ಸಂಜೆ. ಮನೆ ಮುಟ್ಟುವಾಗ ಕತ್ತಲಾಗಿರುತ್ತದೆ, ಓದೋದು ಯಾವಾಗ? ಹಾಳೆ ನೋಡಿ ಅಪ್ಪ ಸುಮ್ಮನಾದರು. ಖಾನಾಪುರದಂಥ ಹತ್ತಿರದ ಊರಿನವರಿಗೆ ಅಪ್ ಅಂಡ್ ಡೌನ್ ಚೆನ್ನಾಗಿ ನಡೆಯುತ್ತದೆ, ಅಲ್ಲಿಂದ ರೈಲೂ ಇದೆ. ಎರಡು ಬಸ್ ಬದಲಿಸಬೇಕಾದವರು, ಅದರಲ್ಲೂ ಲ್ಯಾಬ್ ಇರುವ ಕೋರ್ಸ್ ತಗೊಂಡವರು, ಪುಕ್ಕಟೆ ಬಸ್ ನೋಡಿ ತೀರ್ಮಾನ ಮಾಡಬೇಡಿ.

ಎರಡನೇ ಮಾತು ಬೆಳಗಾವಿಯದೇ ಶಹಾಪುರದಲ್ಲಿರುವ ಚಿಕ್ಕವ್ವನ ಮನೆ. "ಮನಿ ಇರಾಕ ಹಾಸ್ಟೆಲ್ ಯಾಕವಾ?" ಅಂತ ಚಿಕ್ಕವ್ವ ತಾನಾಗೇ ಕೇಳಿದಳು. ಈ ಮಾತಿಗೆ ಉತ್ತರ ಕೊಡೋದೇ ಎಲ್ಲಕ್ಕಿಂತ ಕಷ್ಟವಾಯಿತು. ಪ್ರೀತಿಯಿಂದ ಕರೆದವರಿಗೆ ಒಲ್ಲೆ ಅಂದರೆ ಬೇಜಾರಾಗುತ್ತದೆ ಅಲ್ವಾ? ಆದರೆ ಅವರದು ಎರಡೇ ಕೋಣೆಯ ಮನೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ನಾನು ರಾತ್ರಿ ಹನ್ನೊಂದರವರೆಗೆ ಲೈಟ್ ಹಾಕಿಕೊಂಡು ಕೂತರೆ ಮನೆಯವರೆಲ್ಲರ ನಿದ್ದೆ ಕೆಡುತ್ತದೆ. ಮೂರು ವರ್ಷ ಅಂದರೆ ಕಡಿಮೆ ಅಲ್ಲ. ಅದನ್ನೇ ಬಿಡಿಸಿ ಹೇಳಿದೆ, ಭಾನುವಾರ ಊಟಕ್ಕೆ ತಪ್ಪದೇ ಬರ್ತೀನಿ ಅಂದೆ. ಚಿಕ್ಕವ್ವ ಒಪ್ಪಿದಳು. ಬಳಗದವರ ಮನೆ ಬೇಡ ಅನ್ನೋರು ಕಾರಣವನ್ನು ಮೊದಲೇ ಬಾಯಿಬಿಟ್ಟು ಹೇಳಿಬಿಡಿ. ಹೋಗಿ ಇದ್ದು ಆಮೇಲೆ ಹೊರಗೆ ಬಂದರೆ ಸಂಬಂಧಕ್ಕೇ ಪೆಟ್ಟು.

ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕಿದ್ದೆ. ಆನ್‌ಲೈನ್‌ನಲ್ಲೇ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕೇ ಬೇಕು, ಅದಕ್ಕೆ ರಿಸಲ್ಟ್ ಬರುವ ಮೊದಲೇ ನಾಡಕಚೇರಿಯಿಂದ ಎರಡನ್ನೂ ಮಾಡಿಸಿಟ್ಟುಕೊಳ್ಳಿ. ಸೀಟು ಸಿಕ್ಕರೆ ಊಟ, ವಸತಿ ಎರಡೂ ಉಚಿತ, ಎರಡನೇ ಯೋಚನೆ ಮಾಡದೆ ಸೇರಿಬಿಡಿ. ನನ್ನ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಆದರೆ ಹಿಂದುಳಿದ ವರ್ಗದವರಿಗೆ ಅಲ್ಲಿ ಸೀಟು ಸಿಗದಿದ್ದರೆ ವಿದ್ಯಾಸಿರಿ ಅಂತ ಊಟ, ವಸತಿಗೆ ಸರ್ಕಾರ ದುಡ್ಡು ಕೊಡುವ ಯೋಜನೆ ಇದೆ. ನನಗೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ಬಂತು. ದುಡ್ಡು ಖಾತೆಗೆ ಬರೋದು ತಡವಾಗಿ. ಫೀಸಿನ ಮೊದಲ ಕಂತಿಗೆ ಅದನ್ನೇ ನಂಬಿಕೊಂಡು ಕೂರಬೇಡಿ.

ಕೊನೆಗೆ ಉಳಿದವು ಮೂರು. ತಿಲಕವಾಡಿ ಕಡೆ ಪಿಜಿ, ಗೆಳತಿಯರು ಸೇರಿ ಬಾಡಿಗೆ ರೂಮ್, ಮತ್ತು ಕಾಲೇಜಿನದೇ ಹಾಸ್ಟೆಲ್. ಹಾಸ್ಟೆಲಿನಲ್ಲಿ ಮತ್ತೆ ಎರಡು ತರಹ. ಅಟ್ಯಾಚ್ಡ್ ಬಾತ್‌ರೂಮ್ ಇರುವ ಟು ಶೇರಿಂಗ್, ಇಲ್ಲವೇ ಸಾಲಿನ ಕೊನೆಗೆ ಕಾಮನ್ ಬಾತ್‌ರೂಮ್ ಇರುವ ಫೋರ್ ಶೇರಿಂಗ್.

ಇವನ್ನು ನೋಡೋಕೆ ಅಪ್ಪ ನಾನು ಹಿಂದಿನ ರಾತ್ರಿಯೇ ಚಿಕ್ಕವ್ವನ ಮನೆಗೆ ಬಂದು ಉಳಿದೆವು. ಬೆಳಿಗ್ಗೆ ಆರೂವರೆಗೆಲ್ಲ ಹೊರಟೆವು. ಇದು ಅಪ್ಪನ ಐಡಿಯಾ, ನಾನು ಎಲ್ಲರಿಗೂ ಹೇಳುವುದು ಇದನ್ನೇ. ಮಧ್ಯಾಹ್ನ ಹೋದರೆ ಎಲ್ಲ ಹಾಸ್ಟೆಲೂ ಒಂದೇ ತರಹ ಕಾಣುತ್ತವೆ. ನೆಲ ಒರೆಸಿರುತ್ತದೆ, ಹುಡುಗಿಯರು ಕಾಲೇಜಿಗೆ ಹೋಗಿರುತ್ತಾರೆ, ವಾರ್ಡನ್ ನಗುನಗುತ್ತಾ ಮಾತಾಡುತ್ತಾರೆ. ಬೆಳಿಗ್ಗೆ ಆರರಿಂದ ಎಂಟರ ನಡುವೆ ಅಲ್ಲಿ ನಿಜವಾಗಿ ಹೇಗೆ ನಡೆಯುತ್ತದೆ ಅನ್ನೋದು ಗೊತ್ತಾಗುತ್ತದೆ. ಅಪ್ಪನನ್ನು ಗಂಡಸರು ಅಂತ ಒಳಗೆ ಬಿಡಲಿಲ್ಲ, ಗೇಟಿನಲ್ಲೇ ಕೂತರು. ನಾನೊಬ್ಬಳೇ ಮೇಲೆ ಹೋದೆ.

ನಾವು ನೋಡಿದ ಪಿಜಿಯಲ್ಲಿ ಒಂದು ಮಹಡಿಗೆ ಎರಡೇ ಬಾತ್‌ರೂಮ್. ಹತ್ತು ಹನ್ನೆರಡು ಹುಡುಗಿಯರು ಕಾಯುತ್ತಿದ್ದರು. "ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ್ರಿ?" ಅಂತ ಕೇಳಿದೆ. ಮಾಲೀಕರು "ಟಾಕಿ ದೊಡ್ಡದೈತಿ" ಅಂದರೇ ಹೊರತು ದಿನ ಹೇಳಲಿಲ್ಲ. ಬೆಳಗಾವಿಯಲ್ಲಿ ಇದನ್ನು ಕೇಳಲೇಬೇಕು. ಕೆಲವು ಏರಿಯಾಗಳಲ್ಲಿ ದಿನದ 24 ತಾಸೂ ನಲ್ಲಿ ನೀರು ಇರುತ್ತದೆ, ಕೆಲವು ಕಡೆ ಕೆಲವು ದಿನಕ್ಕೊಮ್ಮೆ ಬರುತ್ತದೆ. ಮಳೆ ತಡವಾಗಿ ರಾಕಸಕೊಪ್ಪ ಜಲಾಶಯ ತಳ ಕಂಡರೆ ಇನ್ನೂ ತಡ. ಅದು ಸರಿಯಾಗಿ ಜೂನ್, ಅಂದರೆ ನೀವು ರೂಮ್ ಹುಡುಕುವ ಹೊತ್ತು.

ಕಾಲೇಜು ಹಾಸ್ಟೆಲಿನಲ್ಲಿ ಟು ಶೇರಿಂಗ್ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಎರಡು ಕಾಟ್, ಎರಡು ಟೇಬಲ್, ಒಳಗೇ ಬಾತ್‌ರೂಮ್. ಆ ರೂಮಿನ ಅಕ್ಕ ಒಬ್ಬರು ಹಲ್ಲುಜ್ಜುತ್ತಾ ಬಂದರು. ಅವರನ್ನೇ ಕೇಳಿದೆ, ಬಾತ್‌ರೂಮ್ ಯಾರು ತೊಳೀತಾರೆ ಅಂತ. "ನಾವ ತೊಳೀಬೇಕು. ಅದರ ಸಲುವಾಗಿನ ನಮ್ಮಿಬ್ಬರದು ಜಗಳ" ಅಂದರು. ಅವರ ರೂಮಿನಲ್ಲಿ ಆ ಹೊತ್ತಿಗೆ ಇಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡುತ್ತಿರಲಿಲ್ಲ. ಒಂದೇ ಕೋಣೆ, ಇಬ್ಬರೇ ಜನ, ಮಾತಿಲ್ಲ. ನನಗೆ ಅದನ್ನು ನೋಡಿಯೇ ಎದೆ ಧಸಕ್ಕೆಂದಿತು.

ಫೋರ್ ಶೇರಿಂಗ್ ಕಡೆ ಗದ್ದಲ ಜಾಸ್ತಿ. ಬಾತ್‌ರೂಮ್ ಮುಂದೆ ಬಕೆಟ್‌ಗಳ ಸಾಲು, ಒಂದೊಂದರ ಮೇಲೂ ನೇಲ್ ಪಾಲಿಶ್‌ನಲ್ಲಿ ಹೆಸರು. ಬಕೆಟ್ ಇಟ್ಟವರು ಹೋಗಿ ಓದುತ್ತಾ ಕೂತಿರುತ್ತಾರೆ, ಪಾಳಿ ಬಂದಾಗ ಮುಂದಿನವರು ಕೂಗಿ ಕರೆಯುತ್ತಾರೆ. ನೆಲ ತೊಳೆಯೋಕೆ ಆಳು ಇದ್ದಾರೆ, ದಿನಾ ತೊಳೆಯುತ್ತಾರೆ. ನಲ್ಲಿ ಎಣಿಸಿದೆ, ಚಿಲಕ ಹಾಕಿ ನೋಡಿದೆ. ಬಿಸಿನೀರು ಸೋಲಾರ್ ಅಂದರು. ಜುಲೈ ತಿಂಗಳಲ್ಲಿ ಬೆಳಗಾವಿಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಮೋಡ ಮುಚ್ಚಿ ಹಿಡಿದ ಮಳೆ ಬಿಡೋದೇ ಇಲ್ಲ. ಆಗ ಏನು ಮಾಡ್ತೀರಿ ಅಂದೆ. ಹಿಂದೆ ಕಟ್ಟಿಗೆ ಹಾಕಿ ಕಾಯಿಸುವ ದೊಡ್ಡ ಬಂಬ ಇದೆ, ಮಳೆಗಾಲ ಮುಗಿಯುವವರೆಗೆ ಅದು ಉರಿಯುತ್ತದೆ ಅಂದರು. ಹೋಗಿ ನೋಡಿದೆ, ಉರಿಯುತ್ತಿತ್ತು.

ಇನ್ನೊಂದು ಪ್ರಶ್ನೆ ಬಟ್ಟೆಯದು. ನಮ್ಮ ಕಡೆ ಹೊರಗೆ ಹರವಿದರೆ ಮಧ್ಯಾಹ್ನಕ್ಕೆ ಒಣಗಿರುತ್ತವೆ. ಬೆಳಗಾವಿಯ ಮಳೆಗಾಲದಲ್ಲಿ ಒಂದು ಜೀನ್ಸ್ ಒಣಗೋಕೆ ಮೂರು ನಾಲ್ಕು ದಿನ. ಟು ಶೇರಿಂಗ್ ರೂಮಿನಲ್ಲಿ ಕಿಟಕಿಗೂ ಫ್ಯಾನಿಗೂ ಹಗ್ಗ ಕಟ್ಟಿ ಬಟ್ಟೆ ಹಾಕಿದ್ದರು, ಒಳಗೆಲ್ಲ ಮುಗ್ಗಲು ವಾಸನೆ. ಫೋರ್ ಶೇರಿಂಗ್ ಸಾಲಿನ ತುದಿಗೆ ಪತ್ರಾಸ್ ಹೊದಿಸಿದ ಗಾಳಿಯಾಡುವ ಜಾಗ ಇತ್ತು. ಅಲ್ಲಿ ಉದ್ದಕ್ಕೂ ತಂತಿ. ಓದುವವರಿಗೆ ಇದು ಸಣ್ಣ ವಿಷಯ ಅನಿಸಬಹುದು, ಹಸಿ ಬಟ್ಟೆ ಹಾಕಿಕೊಂಡು ಎಂಟು ಗಂಟೆಯ ಕ್ಲಾಸಿಗೆ ಹೋದವರನ್ನು ಕೇಳಿ.

ವರ್ಷಕ್ಕೆ ಎರಡಕ್ಕೂ 18 ಸಾವಿರ ವ್ಯತ್ಯಾಸ. ಆದರೂ ಅಪ್ಪ, "ರೊಕ್ಕದ ಚಿಂತಿ ಬ್ಯಾಡ, ನಿನಗ ಯಾವುದು ಬೇಕು ಹೇಳು" ಅಂದರು. ನಾನು ಫೋರ್ ಶೇರಿಂಗ್ ಅಂದೆ.

ನನ್ನ ಯೋಚನೆ ಇಷ್ಟೇ ಇತ್ತು. ಬಾತ್‌ರೂಮಿನಲ್ಲಿ ನಾವು ಇರೋದು ದಿನಕ್ಕೆ ಅರ್ಧ ತಾಸು. ಉಳಿದ ಹೊತ್ತೆಲ್ಲ ಇರೋದು ಮನುಷ್ಯರ ಜೊತೆ. ಗುರುತಿಲ್ಲದ ಊರು, ಗುರುತಿಲ್ಲದ ಕಾಲೇಜು. ಇಬ್ಬರೇ ಇದ್ದು ಹೊಂದಾಣಿಕೆ ಆಗದಿದ್ದರೆ ಮಾತಾಡೋಕೆ ಇನ್ನೊಬ್ಬರಿಲ್ಲ. ನಾಲ್ವರಿದ್ದರೆ ಒಬ್ಬರಾದರೂ ನಮ್ಮ ಸ್ವಭಾವದವರು ಸಿಗುತ್ತಾರೆ. ನನಗೆ ಸಿಕ್ಕವರು ಅಥಣಿ, ರಾಯಬಾಗ, ರಾಮದುರ್ಗದವರು. ಅಥಣಿಯವಳು ಇಂಗ್ಲಿಷ್ ಮೀಡಿಯಂ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಕೆಮಿಸ್ಟ್ರಿ ಕ್ಲಾಸಿನಲ್ಲಿ ಸರ್ ಓಡಿಸಿಕೊಂಡು ಹೋಗಿದ್ದನ್ನು ರಾತ್ರಿ ಅವಳು ನಿಧಾನವಾಗಿ ಹೇಳಿಕೊಡುತ್ತಿದ್ದಳು. ಲೆಕ್ಕ ನಾನು ಹೇಳಿಕೊಡುತ್ತಿದ್ದೆ. ಮೊದಲ ಸೆಮಿಸ್ಟರ್ ನಾನು ದಾಟಿದ್ದು ಆ ಕೋಣೆಯಿಂದ ಅಂತ ಈಗಲೂ ನಂಬುತ್ತೇನೆ.

ತೊಂದರೆ ಇರಲಿಲ್ಲ ಅಂತಲ್ಲ. ರಾಯಬಾಗದವಳು ಒಂದು ಗಂಟೆವರೆಗೆ ಓದುತ್ತಾಳೆ, ರಾಮದುರ್ಗದವಳು ಒಂಬತ್ತೂವರೆಗೆ ಮಲಗಿ ನಾಲ್ಕಕ್ಕೆ ಏಳುತ್ತಾಳೆ. ಮೊದಲ ವಾರವೇ ಕೂತು ಮಾತಾಡಿದೆವು. ಹತ್ತೂವರೆಗೆ ದೊಡ್ಡ ಲೈಟ್ ಬಂದ್, ಆಮೇಲೆ ಟೇಬಲ್ ಲ್ಯಾಂಪ್, ಫೋನಿನಲ್ಲಿ ಮಾತು ಕಾರಿಡಾರಿನಲ್ಲಿ. ಬೇಗ ಏಳುವವಳಿಗೆ ಗೋಡೆ ಕಡೆಯ ಕಾಟ್ ಕೊಟ್ಟೆವು. ಮೆಸ್ಸಿನಲ್ಲಿ ಚಪಾತಿ, ಅನ್ನವೇ ಜಾಸ್ತಿ, ಜೋಳದ ರೊಟ್ಟಿ ಅಪರೂಪ. ಶನಿವಾರ ಅವ್ವ ಬಸ್ಸಿನಲ್ಲಿ ಡಬ್ಬಿ ಕಳಿಸುತ್ತಿದ್ದಳು. ಖಟಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಬಟ್ಟೆ ಕಟ್ಟಿ, ಮೇಲೆ ನನ್ನ ಹೆಸರು, ಫೋನ್ ನಂಬರ್ ಬರೆದ ಚೀಟಿ. ಡ್ರೈವರಣ್ಣನ ಸೀಟಿನ ಹಿಂದೆ ಕೂತು ಬಂದ ಡಬ್ಬಿಯನ್ನು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತಿದ್ದೆ. ಖಟಿ ರೊಟ್ಟಿ ವಾರವಿಡೀ ನಾಲ್ವರಿಗೂ ಸಾಕಾಗುತ್ತಿತ್ತು.

ಬಾಡಿಗೆ ರೂಮನ್ನು ಮೊದಲ ವರ್ಷಕ್ಕೆ ನಾನು ಯಾಕೆ ಬಿಟ್ಟೆ ಅಂದರೆ, ಗ್ಯಾಸು, ಕಿರಾಣಿ, ಅಡುಗೆ, ಪಾತ್ರೆ ಎಲ್ಲ ನಮ್ಮ ತಲೆ ಮೇಲೆ. ಕಾಲೇಜಿಗೆ ಹೊಂದಿಕೊಳ್ಳುವ ಹೊತ್ತಿನಲ್ಲಿ ಅದು ಭಾರ. ಎರಡನೇ ವರ್ಷ ಅಥಣಿ, ರಾಯಬಾಗದವರು ಮತ್ತು ನಾನು ಸೇರಿ ತಿಲಕವಾಡಿಯಲ್ಲಿ ರೂಮ್ ಮಾಡಿದೆವು. ಅಷ್ಟೊತ್ತಿಗೆ ಯಾರು ಪಾತ್ರೆ ಬಿಡುತ್ತಾರೆ, ಯಾರು ತಡವಾಗಿ ಏಳುತ್ತಾರೆ ಎಲ್ಲ ಗೊತ್ತಿತ್ತು. ಸಂಜೆ ಗೇಟ್ ಮುಚ್ಚುವ ಚಿಂತೆ ಇಲ್ಲ, ಲೈಬ್ರರಿಯಲ್ಲಿ ಕೂರಬಹುದು. ರಾಮದುರ್ಗದವಳು ಹಾಸ್ಟೆಲಿನಲ್ಲೇ ಉಳಿದಳು. ಅವಳಿಗೆ ಅಡುಗೆ ಬೇಡ, ಓದು ಮಾತ್ರ ಬೇಕು. ಅವಳಿಗೆ ಅದೇ ಸರಿ.

ಹಾಸ್ಟೆಲ್ ಸೇರುವವರು ದುಡ್ಡು ಕಟ್ಟುವ ಮೊದಲು ಇನ್ನೆರಡು ಮಾತು ಕೇಳಿಕೊಳ್ಳಿ. ಒಂದು, ಹೊಂದಾಣಿಕೆ ಆಗದಿದ್ದರೆ ರೂಮ್ ಬದಲಿಸಿ ಕೊಡುತ್ತಾರೋ, ಎಷ್ಟು ದಿನದೊಳಗೆ ಹೇಳಬೇಕು. ಎರಡು, ಮಧ್ಯದಲ್ಲಿ ಬಿಟ್ಟರೆ ಡಿಪಾಜಿಟ್ ಎಷ್ಟು ವಾಪಸ್. ಬಾಯಿಮಾತಿನಲ್ಲಿ ಬಿಡಬೇಡಿ, ರಶೀದಿಯ ಹಿಂದೆಯಾದರೂ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ನಮ್ಮ ವಾರ್ಡನ್ ಮೇಡಂ ಕೇಳಿದ ಕೂಡಲೇ ಬರೆದುಕೊಟ್ಟರು.