ಎರಿ ನೆಲದಲ್ಲಿ ಇದ್ದಿಲು ಎತ್ತುವುದು: ಕಾರ್ಬನ್ ಡೇಟಿಂಗ್‌ಗೆ ಮಾದರಿ ಕಳಿಸುವವರಿಗೆ

ಹಳೇ ನೆಲೆಯ ಕಾಲವನ್ನು ಲ್ಯಾಬ್ ಹೇಳುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ಲ್ಯಾಬ್ ಹೇಳುವುದು ನಾವು ಕಳಿಸಿದ ಇದ್ದಿಲ ಚೂರಿನ ವಯಸ್ಸನ್ನು ಮಾತ್ರ. ಆ ಚೂರಿಗೂ ಅಲ್ಲಿ ಒಲೆ ಹೂಡಿ ಬದುಕಿದ ಜನರಿಗೂ ಏನು ಸಂಬಂಧ ಅನ್ನುವುದನ್ನು ಉತ್ಖನನದ ಗುಂಡಿಯಲ್ಲಿ ಕೂತವರೇ ಹೇಳಬೇಕು. ಅದನ್ನು ಹೇಳಲು ಆಗದಿದ್ದರೆ ಎಷ್ಟು ದುಡ್ಡು ಕೊಟ್ಟು ಡೇಟ್ ಮಾಡಿಸಿದರೂ ಅದು ಸುಮ್ನೆ ಒಂದು ಅಂಕಿ.

ನಾನು ಬಾದಾಮಿ ತಾಲ್ಲೂಕಿನವಳು. ಉತ್ಖನನದಲ್ಲಿ ಮಾದರಿ ಎತ್ತುವುದು, ದಾಖಲೆ ಬರೆಯುವುದು ನನ್ನ ಕೆಲಸ. ಹಿಂಗಾರಿ ಜೋಳದ ರಾಶಿ ಮುಗಿಯುತ್ತಿದ್ದಂತೆ ಕಾಲೇಜಿನ ಹುಡುಗ ಹುಡುಗಿಯರು ಕೆಲಸ ಕಲಿಯಲು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು. ನಿಮ್ಮ ಹೊಲದಲ್ಲಿ ಬೂದಿ ಪದರ, ಮಡಕೆ ಚೂರು, ನುಣುಪಾದ ಕಲ್ಲಿನ ಕೊಡಲಿ ಕಂಡರೆ ದಯವಿಟ್ಟು ಅಗೆಯಬೇಡಿ. ಉತ್ಖನನಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪರವಾನಗಿ ಬೇಕು. ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು, ಹತ್ತಿರದ ಪುರಾತತ್ವ ಇಲಾಖೆಗೆ ತಿಳಿಸಿ. ಒಂದು ಸಲ ಎತ್ತಿದ ಇದ್ದಿಲನ್ನು ಮತ್ತೆ ಅದರ ಜಾಗದಲ್ಲಿ ಇಡಲು ಯಾರಿಂದಲೂ ಆಗುವುದಿಲ್ಲ.

ವಿಧಾನದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಗಿಡ, ಪ್ರಾಣಿ ಬದುಕಿರುವವರೆಗೆ ಗಾಳಿಯಿಂದ, ಊಟದಿಂದ ಕಾರ್ಬನ್-14 (ವಿಕಿರಣ ಸೂಸುವ ಒಂದು ಬಗೆಯ ಕಾರ್ಬನ್) ಒಳಗೆ ಸೇರುತ್ತಲೇ ಇರುತ್ತದೆ. ಸತ್ತ ಮೇಲೆ ಹೊಸದು ಬರುವುದಿಲ್ಲ, ಇದ್ದದ್ದು ಕರಗುತ್ತಾ ಹೋಗುತ್ತದೆ. ಸುಮಾರು 5730 ವರ್ಷಕ್ಕೆ ಅರ್ಧ ಉಳಿಯುತ್ತದೆ. ಈ ವಿಧಾನವನ್ನು ಕಂಡುಕೊಂಡ ವಿಲ್ಲರ್ಡ್ ಲಿಬ್ಬಿ ಅವರಿಗೆ 1960ರಲ್ಲಿ ನೊಬೆಲ್ ಬಂತು. ಸುಮಾರು 50,000 ವರ್ಷ ದಾಟಿದರೆ ಅಳೆಯುವಷ್ಟು ಉಳಿದಿರುವುದಿಲ್ಲ. ಹಾಗಾಗಿ ಘಟಪ್ರಭೆ ದಂಡೆಯ ಅನಗವಾಡಿಯಲ್ಲಿ ಸಿಕ್ಕ ಹಳೇ ಶಿಲಾಯುಗದ ಕೈಗೊಡಲಿಗಳಿಗೆ ಈ ದಾರಿ ನಡೆಯುವುದಿಲ್ಲ. ತೇರದಾಳದಂಥ ನವಶಿಲಾಯುಗದ ನೆಲೆಗೆ ಇದು ಹೇಳಿ ಮಾಡಿಸಿದ್ದು.

ಈಗ ನಮ್ಮ ಎರಿ ಮಣ್ಣಿಗೆ ಬರೋಣ. ನಮ್ಮ ಕಡೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲಿಂದ. ಬೇಸಿಗೆಯಲ್ಲಿ ಎರಿ ಬಾಯಿ ಬಿಡುತ್ತದೆ. ಕೈ ತೂರುವಷ್ಟು ಅಗಲ, ಒಂದು ಮೀಟರಿಗಿಂತ ಆಳದ ಬಿರುಕುಗಳೂ ಇರುತ್ತವೆ. ಹೊಲದವರು ಕೊಯ್ದ ಮೇಲೆ ಉಳಿದ ಕೂಳೆಗೆ ಬೆಂಕಿ ಹಾಕಿರುತ್ತಾರೆ. ಆ ಕರಿ ಚೂರು ಬಿರುಕಿನಲ್ಲಿ ಇಳಿದು, ಮಳೆ ಬಂದು ಮಣ್ಣು ಉಬ್ಬಿ ಬಾಯಿ ಮುಚ್ಚಿದಾಗ ನವಶಿಲಾಯುಗದ ಮಡಕೆಯ ಪಕ್ಕದಲ್ಲೇ ಕೂತುಬಿಡುತ್ತದೆ. ನೋಡಿದರೆ ಎರಡೂ ಒಂದೇ ಪದರದವು ಅನ್ನಿಸುತ್ತದೆ.

ಅದಕ್ಕೇ ಗುಂಡಿಯ ಗೋಡೆಯನ್ನು ನೋಡದೆ ಯಾವ ಚೂರನ್ನೂ ಎತ್ತಬೇಡಿ. ಗೋಡೆಯನ್ನು ಕರಣೆಯಿಂದ ನೀಟಾಗಿ ಕೆರೆದು, ಸ್ಪ್ರೇ ಬಾಟಲಿಯಿಂದ ತೆಳ್ಳಗೆ ನೀರು ಹೊಡೆದು ಸ್ವಲ್ಪ ಹೊತ್ತು ಕಾಯಿರಿ. ಮುಚ್ಚಿದ ಬಿರುಕಿದ್ದರೆ ಮೇಲಿಂದ ಕೆಳಗೆ ಬಣ್ಣ ಬೇರೆಯಾದ ಗೆರೆ ಕಾಣುತ್ತದೆ, ಒಳಗಿನ ಮಣ್ಣು ಸಡಿಲ ಇರುತ್ತದೆ. ಹೆಗ್ಗಣದ ಬಿಲ ಗುಂಡಗೆ ಕಾಣುತ್ತದೆ. ಇನ್ನೊಂದು ಹಗೇವು. ನಮ್ಮ ಹಿರಿಯರು ಕಾಳು ತುಂಬಲು ನೆಲ ಕೊರೆದಂತೆ ಹಿಂದಿನವರೂ ಕುಳಿ ತೋಡಿದ್ದಾರೆ. ಮೇಲಿನ ಪದರದಿಂದ ತೋಡಿದ ಕುಳಿಯ ತಳ ಎಷ್ಟೇ ಆಳದಲ್ಲಿರಲಿ, ಅದರಲ್ಲಿ ತುಂಬಿದ ಇದ್ದಿಲು ಸುತ್ತಲಿನ ಪದರಕ್ಕಿಂತ ಆಮೇಲಿನದು. ಕುಳಿಯ ಬಾಯಿ ಎಲ್ಲಿಂದ ಶುರುವಾಗಿದೆ ಅನ್ನುವುದನ್ನು ಹುಡುಕಿ ಬರೆದುಕೊಳ್ಳಿ.

ನಂಬಬಹುದಾದ ಜಾಗ ಯಾವುದು ಅಂತ ಕೇಳಿದರೆ, ಸುಟ್ಟು ಕೆಂಪಾದ ಮಣ್ಣಿನ ಒಲೆ, ಮುರಿಯದ ಬಡಿದ ನೆಲದ ಅಡಿ, ನಿಂತ ಜಾಗದಲ್ಲೇ ಸಿಕ್ಕ ಮಡಕೆಯ ತಳ. ಎಲ್ಲೋ ಮಣ್ಣಿನಲ್ಲಿ ಒಂಟಿಯಾಗಿ ಬಿದ್ದ ಚೂರು ಎಷ್ಟು ದೊಡ್ಡದಿದ್ದರೂ ನನಗೆ ಬೇಡ.

ಯಾವ ವಸ್ತು ಎತ್ತಬೇಕು ಅನ್ನುವುದರಲ್ಲಿ ನನ್ನ ಆಯ್ಕೆ ಗಟ್ಟಿ: ಕಾಳು ಸಿಕ್ಕರೆ ಕಾಳು. ಮರದ ಇದ್ದಿಲು ಮೋಸ ಮಾಡಬಹುದು. ಹಳೇ ವಾಡೆ ಕೆಡವಿ, ಅದರ ಸಾಗವಾನಿ ತೊಲೆಯನ್ನು ಹೊಸ ಮನೆಗೆ ಹಾಕುವುದನ್ನು ನೋಡಿದ್ದೀರಲ್ವಾ? ಆ ಮನೆ ಸುಟ್ಟರೆ ತೊಲೆಯ ಇದ್ದಿಲು ಮನೆಯ ವಯಸ್ಸನ್ನು ಹೇಳುವುದಿಲ್ಲ, ಮರದ ವಯಸ್ಸನ್ನು ಹೇಳುತ್ತದೆ. ಮರದ ಒಳತಿರುಳು ಮರ ಕಡಿಯುವ ಎಷ್ಟೋ ವರ್ಷ ಮೊದಲೇ ಸತ್ತಿರುತ್ತದೆ. ಕಾಳು ಒಂದು ಸುಗ್ಗಿಯದು. ದಕ್ಷಿಣದ ನವಶಿಲಾಯುಗದ ಜನ ಹುರಳಿ, ಹೆಸರು, ಕೊರಲೆ ಬೆಳೆದು ತಿಂದವರು. ಅವು ಸುಟ್ಟು ಕರಿಯಾಗಿ ಉಳಿದಿರುತ್ತವೆ.

ಕಾಳು ಬರಿಗಣ್ಣಿಗೆ ಸಿಗುವುದು ಕಡಿಮೆ, ನೀರಿನಲ್ಲಿ ತೇಲಿಸಿ ಹಿಡಿಯಬೇಕು. ಒಲೆಯ ಬೂದಿ ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ನೀರು ತುಂಬಿದ ಡ್ರಮ್ಮಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕೈಯಿಂದ ಕದಡಿ. ಎರಿ ಹೆಂಟೆಯನ್ನು ಹಿಸುಕಬೇಡಿ, ನೆನೆದು ತಾನೇ ಬಿಡಲಿ. ಮೇಲೆ ತೇಲುವ ಕರಿ ಕಸವನ್ನು ಸಣ್ಣ ಕಣ್ಣಿನ ನೈಲಾನ್ ಜರಡಿಗೆ ಹರಿಸಿ, ಮತ್ತೆ ನೆರಳಲ್ಲೇ ಒಣಗಿಸಿ. ಆಮೇಲೆ ಭೂತಗನ್ನಡಿ. ಸುಟ್ಟ ಹುರಳಿಯ ಸಿಪ್ಪೆ ಹೆಚ್ಚಾಗಿ ಹೋಗಿರುತ್ತದೆ. ಬೇಳೆ ಎರಡಾಗಿ ಒಡೆದು, ಒಳಮೈ ಚಪ್ಪಟೆ, ಹೊರಮೈ ಸ್ವಲ್ಪ ಉಬ್ಬು. ಗುರುತು ಹಿಡಿಯಲು ಮನೆಯ ಹುರಳಿಯನ್ನೇ ಸುಟ್ಟು ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತೇನೆ, ಪಕ್ಕದಲ್ಲಿಟ್ಟು ನೋಡುತ್ತೇನೆ. ಆದರೆ ಆ ಡಬ್ಬಿ ಮಾದರಿಯ ಮೇಜಿಗೆ ಯಾವತ್ತೂ ಬರುವುದಿಲ್ಲ. ಹೋಲಿಸುವ ಮೇಜೇ ಬೇರೆ.

ಎಲುಬನ್ನು ನಮ್ಮ ಬಿಸಿಲಿನ ನಾಡಿನಲ್ಲಿ ನೆಚ್ಚಬೇಡಿ. ಡೇಟ್ ಮಾಡಲು ಬೇಕಾದ ಕೊಲಾಜನ್ (ಎಲುಬಿನೊಳಗಿನ ಪ್ರೋಟೀನ್) ಕರಗಿ ಹೋಗಿರುತ್ತದೆ. ಹೊಳೆಯ ಚಿಪ್ಪು, ಶಂಖದ ಹುಳದ ಚಿಪ್ಪು ಇನ್ನೂ ಅಪಾಯ. ಕಲಾದಗಿ, ಲೋಕಾಪುರ ಕಡೆ ನೆಲದಡಿ ಸುಣ್ಣಕಲ್ಲು. ಅದರಲ್ಲಿರುವ ಕಾರ್ಬನ್ ಕೋಟಿಗಟ್ಟಲೆ ವರ್ಷ ಹಳೆಯದು, ಅದರಲ್ಲಿ ಕಾರ್ಬನ್-14 ಇಲ್ಲವೇ ಇಲ್ಲ. ಅದು ನೀರಿಗೆ, ನೀರಿನಿಂದ ಚಿಪ್ಪಿಗೆ ಬರುತ್ತದೆ. ಚಿಪ್ಪಿನಲ್ಲಿ ಇಂಥ ಕಾರ್ಬನ್ ನೂರಕ್ಕೆ 5 ಇದ್ದರೂ ಡೇಟ್ ಸುಮಾರು 400 ವರ್ಷ ಹಿಂದಕ್ಕೆ ಹೋಗುತ್ತದೆ.

ಎತ್ತುವಾಗ ಕೈ ಮುಟ್ಟಿಸಬೇಡಿ. ತೊಳೆದು ಒಣಗಿಸಿದ ಸ್ಟೀಲ್ ಚಿಮಟ ಸಾಕು. ಚೂರಿನ ಸುತ್ತ ಮಣ್ಣನ್ನು ಬಿಡಿಸಿ, ಕೆಳಗಿನ ಮಣ್ಣಿನ ಸಮೇತ ಎತ್ತಿ. ಅಲ್ಯುಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಆಮೇಲೆ ಕವರಿಗೆ ಹಾಕಿ. ಹತ್ತಿ, ಕಾಗದ, ಬಟ್ಟೆ ಮುಟ್ಟಿಸಬಾರದು. ಅವೂ ಗಿಡದಿಂದ ಬಂದವು, ಅವುಗಳ ಎಳೆ ಸೇರಿಕೊಂಡರೆ ಹೊಸ ಕಾರ್ಬನ್ ಸೇರಿದಂತೆ. ಪುಡಿಯಾಗುತ್ತದೆ ಅಂತ ಅಂಟು ಹಾಕಲೇಬೇಡಿ. ಒದ್ದೆ ಇದ್ದರೆ ಫಾಯಿಲ್ ಬಿಚ್ಚಿಟ್ಟು ಒಣಗಿಸಿ, ಇಲ್ಲದಿದ್ದರೆ ಬೂಸು ಹಿಡಿಯುತ್ತದೆ. 4000 ವರ್ಷದ ಇದ್ದಿಲಿಗೆ ನೂರಕ್ಕೆ 1ರಷ್ಟು ಇಂದಿನ ಕಾರ್ಬನ್ ಸೇರಿದರೂ ಡೇಟ್ ಸುಮಾರು 50 ವರ್ಷ ಈಚೆಗೆ ಬರುತ್ತದೆ. ಕೂದಲೆಳೆಯಂಥ ಬೇರುಗಳನ್ನು ಕಂಡಷ್ಟು ತೆಗೆಯಿರಿ. ಉಳಿದದ್ದನ್ನು ಲ್ಯಾಬಿನವರು ಆಮ್ಲ, ಕ್ಷಾರ, ಮತ್ತೆ ಆಮ್ಲದಲ್ಲಿ ತೊಳೆಯುತ್ತಾರೆ.

ಕವರಿನ ಮೇಲೆ ಗುಂಡಿ, ಪದರ, ಆಳ, ತಾರೀಖು, ಎತ್ತಿದವರ ಹೆಸರು ಬರೆಯಿರಿ. ಅದರ ಜೊತೆ ಒಂದು ವಾಕ್ಯ: ಈ ಚೂರು ಯಾವ ಘಟನೆಯ ಕಾಲ ಹೇಳಬೇಕು? "ಒಲೆ ಕೊನೆಯ ಸಲ ಉರಿದದ್ದು" ಅಂತ ಬರೆಯಲು ಬಂದರೆ ಕಳಿಸಿ. ಬರೆಯಲು ಬರದಿದ್ದರೆ ಪೆಟ್ಟಿಗೆಯಲ್ಲೇ ಇರಲಿ.

ಹಿಂದೆ ಹಲವು ಗ್ರಾಂ ಇದ್ದಿಲು ಬೇಕಿತ್ತು. ಈಗ ಕಾರ್ಬನ್-14 ಪರಮಾಣುಗಳನ್ನೇ ನೇರವಾಗಿ ಎಣಿಸುವ ಎಎಂಎಸ್ ಯಂತ್ರಕ್ಕೆ ಒಂದು ಮಿಲಿಗ್ರಾಂ ಕಾರ್ಬನ್ ಇದ್ದರೆ ಸಾಕು, ಒಂದೇ ಕಾಳು ಸಾಲಬಹುದು. ದೆಹಲಿಯ ಅಂತರ ವಿಶ್ವವಿದ್ಯಾಲಯ ಆಕ್ಸಲರೇಟರ್ ಕೇಂದ್ರ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಂಥ ಕಡೆ ಈ ಕೆಲಸ ನಡೆಯುತ್ತದೆ. ಒಂದೇ ಡೇಟ್ ನೆಚ್ಚಿಕೊಂಡು ಕೂರಬೇಡಿ. ಮೇಲಿನ, ನಡುವಿನ, ಕೆಳಗಿನ ಪದರದಿಂದ ಒಂದೊಂದಾದರೂ ಕಳಿಸಿ. ಕೆಳಗಿನದು ಮೇಲಿನದಕ್ಕಿಂತ ಹೊಸದು ಅಂತ ಬಂದರೆ ಬಿರುಕನ್ನು ಮತ್ತೆ ಹುಡುಕಿ.

ಉತ್ತರ ಬಂದಾಗ 3500±30 ಬಿಪಿ ಅಂತ ಇರುತ್ತದೆ ಅಂದುಕೊಳ್ಳಿ. ಬಿಪಿ ಅಂದರೆ 1950ರಿಂದ ಹಿಂದಕ್ಕೆ ಎಣಿಸಿದ ವರ್ಷ, ±30 ಅಂದರೆ ಅಳತೆಯಲ್ಲಿ ಆಗಬಹುದಾದ ಹೆಚ್ಚುಕಡಿಮೆ. ಹಾಗಂತ 1950 ಕಳೆದು ಕ್ರಿ.ಪೂ. 1550 ಅಂತ ಬರೆದುಬಿಡಬೇಡಿ. ಗಾಳಿಯಲ್ಲಿನ ಕಾರ್ಬನ್-14 ಎಲ್ಲ ಕಾಲದಲ್ಲೂ ಒಂದೇ ಸಮ ಇರಲಿಲ್ಲ. ಮರದ ಬಳೆಗಳನ್ನು ಎಣಿಸಿ ಮಾಡಿದ ಇಂಟ್‌ಕ್ಯಾಲ್20 ರೇಖೆಗೆ ಹೋಲಿಸಿ ತಿದ್ದಬೇಕು. ಹೀಗೆ ತಿದ್ದಲು ಆಕ್ಸ್‌ಫರ್ಡಿನ ಆಕ್ಸ್‌ಕ್ಯಾಲ್ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ತಿದ್ದಿದರೆ ಇದೇ ಡೇಟ್ ಹೆಚ್ಚುಕಡಿಮೆ ಕ್ರಿ.ಪೂ. 1900ರಿಂದ 1740ರ ನಡುವೆ ಬೀಳುತ್ತದೆ. ವರದಿಯಲ್ಲಿ ಲ್ಯಾಬಿನ ನಂಬರ್, ತಿದ್ದದ ಅಂಕಿ, ತಿದ್ದಿದ ಅಂಕಿ, ಯಾವ ರೇಖೆ ಬಳಸಿದಿರಿ, ಇಷ್ಟೂ ಇರಲಿ. ನಾಳೆ ರೇಖೆ ಬದಲಾದರೆ ಇನ್ನೊಬ್ಬರು ಮತ್ತೆ ಲೆಕ್ಕ ಹಾಕಬಹುದು.

ಐಹೊಳೆಯ ಮೇಗುತಿ ಗುಡ್ಡದಲ್ಲಿರುವಂಥ ಕಬ್ಬಿಣ ಯುಗದ ಕಲ್ಗೋರಿಗಳಿಗೆ (ದೊಡ್ಡ ಕಲ್ಲುಗಳ ಸಮಾಧಿ) ಬಂದರೆ ಇನ್ನೊಂದು ತೊಡಕಿದೆ. ಕ್ರಿ.ಪೂ. 800ರಿಂದ 400ರವರೆಗೆ ಆ ರೇಖೆ ಸಪಾಟಾಗಿದೆ. 2450 ಬಿಪಿ ಸುತ್ತಮುತ್ತ ಬಂದ ಡೇಟನ್ನು ತಿದ್ದಿದರೆ ಮುನ್ನೂರು ವರ್ಷಕ್ಕೂ ಅಗಲವಾಗಿ ಹರಡಿಕೊಳ್ಳುತ್ತದೆ, ಲ್ಯಾಬ್ ಎಷ್ಟೇ ಚೆನ್ನಾಗಿ ಅಳೆದಿದ್ದರೂ ಅಷ್ಟೇ. ಕಬ್ಬಿಣ ಯುಗದ ನೆಲೆ ಅನ್ನಿಸಿದರೆ ಮಣ್ಣಿನ ಕಣ ಕೊನೆಯ ಸಲ ಬಿಸಿಲು ಕಂಡ ಕಾಲವನ್ನು ಹೇಳುವ ಓಎಸ್‌ಎಲ್ ವಿಧಾನಕ್ಕೂ ಅದೇ ಪದರದಿಂದ ಮಾದರಿ ತೆಗೆಯಿರಿ. ಅದನ್ನು ಬೆಳಕು ಹೋಗದ ಕೊಳವೆಯಲ್ಲಿ, ಗುಂಡಿ ಮುಚ್ಚುವ ಮೊದಲೇ ತೆಗೆಯಬೇಕು. ಹಾಗಾಗಿ ಕೊಳವೆ, ಕಪ್ಪು ಕವರು, ಟೇಪು ಇವನ್ನು ಅಗೆತ ಶುರುವಾಗುವ ಮೊದಲೇ ತರಿಸಿಟ್ಟುಕೊಳ್ಳಿ.