ಅಂತರಗಂಗೆಯಿಂದ ಅಡುಗೆ ಅನಿಲ: ಗೋಬರ್ ಗ್ಯಾಸ್ ಗುಂಡಿಗೆ ಉಣಿಸುವ ಕ್ರಮ

ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕೆರೆಗಳನ್ನು ಮುಚ್ಚಿಹಾಕಿರುವ ವಾಟರ್ ಹಯಸಿಂತನ್ನು, ಅಂದರೆ ಜನ ಅಂತರಗಂಗೆ ಎಂದೇ ಕರೆಯುವ ನೇರಳೆ ಹೂವಿನ ಕಳೆಯನ್ನು, ದಂಡೆಗೆ ಎಳೆದುಹಾಕಿ ಕೊಳೆಯಲು ಬಿಡುವುದೇ ವಾಡಿಕೆಯಾಗಿದೆ. ಅದೇ ಕಳೆ ಮನೆಯ ಗೋಬರ್ ಗ್ಯಾಸ್ ಗುಂಡಿಯೊಳಗೆ ಕೊಳೆತರೆ ಒಲೆಗೆ ಅನಿಲ ದೊರೆಯುತ್ತದೆ.

ಮೊದಲು ಕೆರೆಯನ್ನು ನೋಡಿಕೊಳ್ಳಬೇಕು. ಈ ಗಿಡವು ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳನ್ನು ಹೀರಿ, ಹೆಚ್ಚಾಗಿ ಬೇರಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಕಾರ್ಖಾನೆಯ ನೀರು ಸೇರುವ ಕೆರೆಯ ಕಳೆಯನ್ನು ಬಳಸಿದರೆ ಗುಂಡಿಯಿಂದ ಹೊರಬರುವ ಬಗ್ಗಡವನ್ನು ತರಕಾರಿ ಮಡಿಗೆ ಹಾಕಲೇಬಾರದು. ಕೆಸರು ಹಿಡಿದ ಬೇರನ್ನು ದಂಡೆಯಲ್ಲೇ ಕತ್ತರಿಸಿ ಬೇರ್ಪಡಿಸಿ.

ಇನ್ನು ಎಲೆಯ ತೊಟ್ಟನ್ನು ಅಡ್ಡಲಾಗಿ ಕೊಯ್ದು ನೋಡಿ. ಉಬ್ಬಿದ ಬುಡದ ಒಳಗೆಲ್ಲ ಸ್ಪಂಜಿನಂಥ ಗಾಳಿಗೂಡುಗಳಿವೆ. ಗಿಡವನ್ನು ಕೆರೆಯ ಮೇಲೆ ತೇಲಿಸುವ ಈ ಗಾಳಿಯೇ ತುಂಡುಗಳನ್ನು ಗುಂಡಿಯೊಳಗೂ ತೇಲಿಸಿ, ಮೇಲೆ ದಪ್ಪ ಹೆಪ್ಪು ಕಟ್ಟಿಸಿ, ಅನಿಲ ಮೇಲೇಳದಂತೆ ತಡೆಯುತ್ತದೆ. ಹೀಗಾಗಿ ಮೇವು ಕತ್ತರಿಸುವ ಯಂತ್ರದಲ್ಲಿ ಎರಡು-ಮೂರು ಸೆಂಟಿಮೀಟರಿನ ಚೂರುಗಳನ್ನಾಗಿ ಮಾಡಿ, ಒನಕೆಯಿಂದ ಜಜ್ಜಿ, ಹಳೆಯ ಬಗ್ಗಡದೊಂದಿಗೆ ಡ್ರಮ್ಮಿನಲ್ಲಿ ಮೂರು-ನಾಲ್ಕು ದಿನ ನೆನೆಹಾಕಬೇಕು. ಈ ಕೆಲಸದಲ್ಲಿ ಅವಸರ ಸಲ್ಲದು.

ಬಹಳ ಮಂದಿ ಎಡವುವುದು ಪ್ರಮಾಣದಲ್ಲಿ. ಈ ಕಳೆಯ ತೂಕದಲ್ಲಿ ಶೇ 90ಕ್ಕೂ ಹೆಚ್ಚು ಭಾಗ ನೀರೇ ಇರುವುದರಿಂದ, ಸಗಣಿಯನ್ನು ತಗ್ಗಿಸಿ ಅದರ ಜಾಗಕ್ಕೆ ಕಳೆ ಹಾಕಿದರೆ ಅನಿಲ ಕಡಿಮೆಯಾಗುತ್ತದೆ. ಎರಡು ಘನ ಮೀಟರಿನ, ಅಂದರೆ ದಿನಕ್ಕೆ ಅಷ್ಟು ಅನಿಲ ಕೊಡುವ, ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಸಗಣಿಯನ್ನು ಹಾಗೆಯೇ ಉಳಿಸಿಕೊಂಡು, ನೀರನ್ನು 40 ಲೀಟರಿಗೆ ಇಳಿಸಿ, 10 ಕಿಲೋ ಜಜ್ಜಿದ ಕಳೆಯನ್ನು ಬೆರೆಸಿ. ಎರಡು ವಾರ ಒಲೆಯ ಉರಿ ನೋಡಿಕೊಂಡು ನಂತರ ನಿಧಾನವಾಗಿ ಹೆಚ್ಚಿಸಬಹುದು.

ಉರಿ ನೀಲಿಯಾಗಿ ನಿಂತರೆ ಎಲ್ಲವೂ ಸರಿಯಿದೆ. ಅನಿಲ ಬಂದರೂ ಹೊತ್ತಿಕೊಳ್ಳದೆ, ಬಗ್ಗಡ ಹುಳಿ ವಾಸನೆ ಬೀರಿದರೆ ಒಳಗೆ ಆಮ್ಲ ಹೆಚ್ಚಿದೆ ಎಂದರ್ಥ. ಆಗ ಕೆಲವು ದಿನ ಕಳೆ ಹಾಕುವುದನ್ನು ಪೂರ್ತಿ ನಿಲ್ಲಿಸಿ, ಸಗಣಿಯನ್ನಷ್ಟೇ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಬನ್ನಿ.

ಸಾಗಿಸುವಾಗ ಒಂದು ಚೂರೂ ದಾರಿಯ ಕಾಲುವೆಗೆ ಬೀಳದಂತೆ ಗಾಡಿಗೆ ತಾಡಪಾಲು ಹೊದಿಸಿ. ಬಳ್ಳಿಯ ಒಂದು ತುಂಡು ನೀರಿಗೆ ಬಿದ್ದರೂ ಅಲ್ಲಿ ಹೊಸ ಗಿಡ ಏಳುತ್ತದೆ.